ಬ್ಲೇಡು, ಹಗ್ಗ, ಹನ್ನೆರಡು ವೋಲ್ಟಿನ ಬಲ್ಬು: ದುಬಾರೆ ದಾರಿಯ ಹಳೆಯ ವ್ಯಾನುಗಳ ಚರಿತ್ರೆ

ದುಬಾರೆಗೆ ನೀವು ಹೋಗಿದ್ದರೆ ಅಲ್ಲಿ ಏನು ನೋಡಿದಿರಿ ಎಂದು ಕೇಳಬೇಕಾಗಿಲ್ಲ. ಕಾವೇರಿ ಹೊಳೆ, ಹೊಳೆಯಾಚೆಯ ಆನೆ ಶಿಬಿರ, ಮೈಸೂರು ದಸರೆಯಲ್ಲಿ ನಡೆದು ಬಂದ ಆನೆಗಳು, ದಾಟಿಸುವ ದೋಣಿ. ಎಲ್ಲರೂ ಇವುಗಳ ಫೋಟೋ ತೆಗೆಯುತ್ತಾರೆ. ಈಚೆ ದಡದಲ್ಲಿ ನಿಲ್ಲಿಸಿದ ವಾಹನಗಳತ್ತ ಯಾರ ಕಣ್ಣೂ ಹೋಗುವುದಿಲ್ಲ. ಮುಂದಿನ ಸಲ ಹೋದಾಗ ಒಮ್ಮೆ ಅತ್ತಲೂ ನೋಡಿ. ಹೊಸ ಕಾರುಗಳ ನಡುವೆ ಕೆಎ 12 ಎಂಬ ಕೊಡಗಿನ ನಂಬರಿನ ಹಳೆಯ ಓಮ್ನಿಯೋ, ಬಣ್ಣ ಮಾಸಿದ ಜೀಪೋ ಕಂಡರೆ ಅದರ ಎದುರು ಒಂದು ನಿಮಿಷ ನಿಲ್ಲಿ. ಅದು ಇನ್ನೂ ಓಡುತ್ತಿದ್ದರೆ ಅದನ್ನು ಮಾಡಿದ ಕಂಪನಿಗೆ ಮಾತ್ರ ಆ ಕೀರ್ತಿ ಸಲ್ಲುವುದಿಲ್ಲ. ಅದರ ಹಿಂದೆ ಹಲವು ಮೇಸ್ತ್ರಿಗಳ, ಹಲವು ಮಾಲೀಕರ ಕೈಯಿದೆ. ಆ ಕೈಗಳಲ್ಲಿ ಇದ್ದ ಹತಾರಗಳಲ್ಲಿ ಎಷ್ಟೋ ಅಂಗಡಿಯಲ್ಲಿ ಕೊಂಡವಲ್ಲ, ಅಲ್ಲೇ ಮಾಡಿಕೊಂಡವು.

ಈ ಲೇಖನ ಆ ಹತಾರಗಳ ಬಗ್ಗೆ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಅರಸರಿದ್ದಾರೆ, ಯುದ್ಧಗಳಿವೆ, ಕೋಟೆಗಳಿವೆ. ಗ್ಯಾರೇಜಿಗೆ ಅಲ್ಲಿ ಜಾಗ ಸಿಕ್ಕಿಲ್ಲ. ಆದರೆ ಒಂದು ಜಿಲ್ಲೆಯ ಜನ ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಹೇಗೆ ತಲುಪಿದರು ಎಂಬುದೂ ಚರಿತ್ರೆಯೇ ಅಲ್ಲವೇ?

ರಸ್ತೆಯೊಂದೇ ಗತಿ

ಕೊಡಗು ಜಿಲ್ಲೆಯೊಳಗೆ ರೈಲು ಹಳಿ ಇಲ್ಲ. ರೈಲು ಬೇಕೆಂದರೆ ಮೈಸೂರಿಗೋ ಹಾಸನಕ್ಕೋ ಕೇರಳದ ಕಣ್ಣೂರು, ತಲಶ್ಶೇರಿಗಳಿಗೋ ಹೋಗಬೇಕು. ಕಾಫಿ, ಕರಿಮೆಣಸು, ಏಲಕ್ಕಿ, ಮರ, ಅಕ್ಕಿ, ಮನುಷ್ಯರು ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು. ಆ ರಸ್ತೆಯೂ ಸಮತಟ್ಟಲ್ಲ. ಕರಾವಳಿಯಿಂದ ಸಂಪಾಜೆ ಘಾಟಿ ಹತ್ತಿ ಬರುವ ವಾಹನ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಏರಬೇಕು. ಅಲ್ಲಿಂದ ಕುಶಾಲನಗರದ ಕಡೆಗೆ ಇಳಿದು, ಗುಡ್ಡೆಹೊಸೂರಿನ ಬಳಿ ತಿರುಗಿ, ನಂಜರಾಯಪಟ್ಟಣದ ಕಡೆಗೆ ಹೋದರೆ ದುಬಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಏರಿನಲ್ಲಿ ನೀರು ಕುದಿಯುತ್ತದೆ, ಮಳೆಯಲ್ಲಿ ಕರೆಂಟು ಸೋರುತ್ತದೆ, ಇಳಿಜಾರಿನಲ್ಲಿ ಬ್ರೇಕು ಸವೆಯುತ್ತದೆ.

ಇಂಥ ಕಡೆ ವ್ಯಾನು ಕೆಟ್ಟು ನಿಂತರೆ ಬೇಕಾದ ಭಾಗ ಕುಶಾಲನಗರದಲ್ಲಿ ಸಿಕ್ಕರೆ ಪುಣ್ಯ. ಇಲ್ಲವಾದರೆ ಅಲ್ಲಿಂದ ಮೈಸೂರು ಸುಮಾರು 90 ಕಿಲೋಮೀಟರ್. ಭಾಗ ತರಿಸಿಕೊಂಡರೂ ಅದನ್ನು ಕೂರಿಸಲು ಕಂಪನಿಯವರು ಹೇಳುವ ವಿಶೇಷ ಉಪಕರಣ ಎಲ್ಲಿಂದ ಬರಬೇಕು? ಹೀಗಾಗಿ ಹತಾರ ಮಾಡಿಕೊಳ್ಳುವ ವಿದ್ಯೆ ಇಲ್ಲಿ ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಇದ್ದಿಲಿನಿಂದ ಓಮ್ನಿಯವರೆಗೆ

ಈ ವಿದ್ಯೆಗೆ ಹಿಂದಿನ ಕತೆಯೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ದಕ್ಷಿಣ ಭಾರತದ ಅನೇಕ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂದೆ ದೊಡ್ಡ ಉರುಳೆಯಂಥ ಒಲೆ, ಅದರಲ್ಲಿ ಇದ್ದಿಲು. ಕ್ಲೀನರ್ ಕೈಯಿಂದ ಫ್ಯಾನು ತಿರುಗಿಸಿ ಕೆಂಡ ಎಬ್ಬಿಸಬೇಕು, ಹುಟ್ಟಿದ ಗ್ಯಾಸು ಸೋಸಿ ಎಂಜಿನಿಗೆ ಹೋಗಬೇಕು. ಪೆಟ್ರೋಲಿನ ಶಕ್ತಿ ಅದಕ್ಕಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಾಗುತ್ತಿತ್ತು. ಪೆಟ್ರೋಲಿಗೆಂದು ಮಾಡಿದ ಎಂಜಿನನ್ನು ಬೇರೆ ಇಂಧನಕ್ಕೆ ಒಗ್ಗಿಸುವ ಈ ಕೆಲಸ ಎಷ್ಟೋ ಹುಡುಗರಿಗೆ ಎಂಜಿನಿನ ಮೊದಲ ಪಾಠವಾಯಿತು.

ಅದೇ ಯುದ್ಧದ ನಡುವೆ, 1943ರಲ್ಲಿ, ಭಾರತೀಯ ಸೇನೆಯಲ್ಲಿ ವಾಹನ ಮತ್ತು ಯಂತ್ರಗಳ ದುರಸ್ತಿಗೆಂದೇ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ಎಂಬ ದಳ ಹುಟ್ಟಿತು. ಹಳ್ಳಿಗಳಿಂದ ಬಂದ ಯುವಕರು ಕ್ರಮಬದ್ಧವಾಗಿ ಪಾನಾ ಹಿಡಿಯಲು ಕಲಿತ ದೊಡ್ಡ ಶಾಲೆ ಇದು. ಸೈನ್ಯಕ್ಕೆ ಸೇರುವ ಸಂಪ್ರದಾಯ ಕೊಡಗಿನಲ್ಲಿ ಎಷ್ಟು ಗಟ್ಟಿ ಎಂಬುದನ್ನು ಹೇಳಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಜೀಪು ಬಂತು. 1945ರಲ್ಲಿ ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮುಹಮ್ಮದ್ ಅವರ ಜೊತೆ ಸೇರಿ ಕಟ್ಟಿದ ಕಂಪನಿಯ ಹೆಸರು ಮಹೀಂದ್ರ ಅಂಡ್ ಮುಹಮ್ಮದ್. ದೇಶ ವಿಭಜನೆಯಾಗಿ ಗುಲಾಮ್ ಮುಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅದು 1947ರಿಂದ ಜೋಡಿಸತೊಡಗಿದ ವಿಲ್ಲೀಸ್ ಜೀಪು ಮಲೆನಾಡಿನ ತೋಟಗಳಿಗೆ ಹೇಳಿ ಮಾಡಿಸಿದಂತಿತ್ತು. ರಣರಂಗದಲ್ಲಿ ಸೈನಿಕನೇ ಬಿಚ್ಚಿ ಜೋಡಿಸುವಂತೆ ರಚಿಸಿದ ಗಾಡಿ ಅದು. ಅದನ್ನು ಬಿಚ್ಚಲು ಹೆದರಬೇಕಾಗಿರಲಿಲ್ಲ.

ಆಮೇಲೆ ವ್ಯಾನುಗಳ ಕಾಲ. ಜರ್ಮನಿಯ ಟೆಂಪೊ ಕಂಪನಿಯ ಸಹಯೋಗದ ಬಜಾಜ್ ಟೆಂಪೊ 1969ರಲ್ಲಿ ಮ್ಯಾಟಡಾರ್ ವ್ಯಾನನ್ನು ತಂದಿತು. ಕಂಪನಿಯ ಹೆಸರು ಟೆಂಪೊ, ಗಾಡಿಯ ಹೆಸರು ಮ್ಯಾಟಡಾರ್. ನಮ್ಮ ಜನ ಎರಡನ್ನೂ ಜಾತಿವಾಚಕ ಮಾಡಿಕೊಂಡರು. ಯಾವ ಕಂಪನಿಯ ವ್ಯಾನಾದರೂ ‘ಮ್ಯಾಟಡಾರ್’, ಯಾವ ಸಾಮಾನು ಗಾಡಿಯಾದರೂ ‘ಟೆಂಪೊ’. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. 1984ರಲ್ಲಿ ಮಾರುತಿ ವ್ಯಾನು ಬಂತು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನು, ಅದೂ ಮುಂದಿನ ಸೀಟಿನ ಅಡಿಯಲ್ಲಿ. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಮೂವತ್ತೈದು ವರ್ಷಗಳ ಕಾಲ ಅದು ಟ್ಯಾಕ್ಸಿಯಾಯಿತು, ಶಾಲಾ ವಾಹನವಾಯಿತು, ಆ್ಯಂಬುಲೆನ್ಸ್ ಆಯಿತು, ಮದುವೆ ಮನೆಗೆ ಸಾಮಾನು ಹೊತ್ತಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಸ್ವಾತಂತ್ರ್ಯಾನಂತರದ ಮೊದಲ ಮೂರ್ನಾಲ್ಕು ದಶಕಗಳಲ್ಲಿ ಹೊಸ ವಾಹನ ಬೇಕೆಂದರೆ ಹಣವೊಂದೇ ಸಾಲದು, ವರ್ಷಗಟ್ಟಲೆ ಕಾಯಬೇಕಿತ್ತು. ಆಮದಿಗೆ ನಿರ್ಬಂಧ, ತಯಾರಿಕೆಗೆ ಲೈಸೆನ್ಸ್. ಆದ್ದರಿಂದ ಇದ್ದ ಗಾಡಿಯನ್ನೇ ಉಳಿಸಿಕೊಳ್ಳಬೇಕಿತ್ತು. ನಮ್ಮ ಗ್ಯಾರೇಜುಗಳ ಜಾಣ್ಮೆ ಬೆಳೆದದ್ದು ಈ ಕೊರತೆಯ ಮಣ್ಣಿನಲ್ಲಿ.

ಅಳತೆಯ ಹತಾರ: ಗಡ್ಡ ಬೋಳಿಸುವ ಬ್ಲೇಡು

ಮಾಡಿಕೊಂಡ ಹತಾರ ಎಂದೊಡನೆ ನಮಗೆ ತಂತಿ ಕಟ್ಟಿ ಕೆಲಸ ಮುಗಿಸುವುದು ನೆನಪಾಗುತ್ತದೆ. ಹಾಗೆ ತಿಳಿಯುವುದು ಸರಿಯಲ್ಲ. ಒಳ್ಳೆಯ ಮೇಸ್ತ್ರಿಯ ವಿದ್ಯೆಯ ತಿರುಳು ಅಳತೆ. ಒಂದೊಂದಾಗಿ ನೋಡೋಣ.

ಹಳೆಯ ಪೆಟ್ರೋಲ್ ಎಂಜಿನಿನಲ್ಲಿ ಕಿಡಿಯನ್ನು ಹಂಚುವ ಭಾಗಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಡೆಲ್ಕೋ’ ಎನ್ನುತ್ತಾರೆ. ಇದು 1909ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಕಂಪನಿಯ ಹೆಸರು. ಎಂಜಿನು ಬಲ್ಲ ಹುಡುಗನಿಗೆ ಆ ಕಂಪನಿ ಗೊತ್ತಿಲ್ಲ, ಆದರೆ ಅದರ ಹೆಸರು ನಾಲಗೆಯ ಮೇಲಿದೆ. ಡೆಲ್ಕೋದೊಳಗಿನ ಪಾಯಿಂಟು ತೆರೆದಾಗ ಅದರ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ಇರಬೇಕು. ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ಉಪಕರಣವಿದೆ. ಅದು ಇಲ್ಲದಾಗ ಏನು ಮಾಡುವುದು? ಗಡ್ಡ ಬೋಳಿಸುವ ಸಾಮಾನ್ಯ ಎರಡು ಬಾಯಿಯ ಬ್ಲೇಡಿನ ದಪ್ಪ 0.1 ಮಿಲಿಮೀಟರ್. ನಾಲ್ಕು ಬ್ಲೇಡು ಜೋಡಿಸಿದರೆ 0.4. ಪ್ಲಗ್ಗಿನ ಅಂತರ ಇದಕ್ಕಿಂತ ಹೆಚ್ಚು ಬೇಕು. ಅದಕ್ಕೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಬೆನ್ನು ಇದೆ. ಅದರ ದಪ್ಪ 0.6 ಮಿಲಿಮೀಟರಿಗೆ ತುಸು ಮೇಲು.

ವಿದ್ಯಾರ್ಥಿಗಳಾದ ಓದುಗರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಜೆರಾಕ್ಸ್ ಕಾಗದದ 500 ಹಾಳೆಗಳ ಕಟ್ಟನ್ನು ಸ್ಕೇಲಿನಿಂದ ಅಳೆಯಿರಿ. ಸುಮಾರು 5 ಸೆಂಟಿಮೀಟರ್ ಬರುತ್ತದೆ. ಅಂದರೆ ಒಂದು ಹಾಳೆ 0.1 ಮಿಲಿಮೀಟರ್. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಅಳೆಯಲು ಅಂಥವನ್ನು ನೂರಾರು ಒಟ್ಟುಗೂಡಿಸಿ ಭಾಗಿಸಬೇಕು. ನೀವು ಎಂಟನೇ ತರಗತಿಯಲ್ಲಿ ಕಲಿತ ಲೆಕ್ಕವೇ ವ್ಯಾನಿನ ಸೀಟಿನ ಅಡಿಯಲ್ಲಿ ಕೆಲಸಕ್ಕೆ ಬರುತ್ತದೆ.

ಇದೇ ಬ್ಲೇಡಿನ ಲೆಕ್ಕ ವಾಲ್ವಿನ ಟ್ಯಾಪೆಟ್ ಸರಿಪಡಿಸುವುದಕ್ಕೂ ಆಗುತ್ತದೆ. ಅಲ್ಲಿ ಅಂತರ ಹೆಚ್ಚಾದರೆ ಟಕಟಕ ಸದ್ದು, ಅಷ್ಟೇ. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಎಂಜಿನು ಯಾವಾಗಲೂ ಆರೋಗ್ಯವಾಗಿರುತ್ತದೆ ಎಂದು ತಿಳಿದವನಿಗೆ ಇದು ದುಬಾರಿ ಪಾಠ.

ಕಣ್ಣು ಮತ್ತು ಕಿವಿ

ಎಂಜಿನಿನ ಒಳಗೆ ಏನಾಗುತ್ತಿದೆ ಎಂದು ನೋಡಲು ಇಂದು ಸ್ಕ್ಯಾನರ್ ಇದೆ. ಹಿಂದೆ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಎಂಜಿನಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿದರೆ ಯಾವ ಸಿಲಿಂಡರಿನಲ್ಲಿ, ಯಾವ ಬೇರಿಂಗಿನಲ್ಲಿ ಬಡಿತ ಇದೆ ಎಂದು ತಿಳಿಯುತ್ತದೆ. ಡಾಕ್ಟರ ಸ್ಟೆತಾಸ್ಕೋಪಿನ ಕೆಲಸವೇ ಇದು. ಫ್ಯಾನು, ಬೆಲ್ಟು ತಿರುಗುವ ಕಡೆಯಿಂದ ದೂರ ಇರಬೇಕು, ಅಷ್ಟೇ.

ಪಿಸ್ಟನ್ ಮೇಲೆ ಬಂದಿದೆಯೇ ಎಂದು ತಿಳಿಯಲು ಪ್ಲಗ್ಗು ಬಿಚ್ಚಿ ಆ ರಂಧ್ರದಲ್ಲಿ ಸೈಕಲ್ ಚಕ್ರದ ಕಡ್ಡಿ ಇಳಿಬಿಡುತ್ತಾರೆ. ಎಂಜಿನನ್ನು ಕೈಯಿಂದ ತಿರುಗಿಸಿದಂತೆ ಕಡ್ಡಿ ಏರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಇಳಿಯುತ್ತದೆ. ಒಳಗೆ ಬೀಳದಂತೆ ಕಡ್ಡಿಯ ಮೇಲ್ತುದಿ ಬಗ್ಗಿಸಿರಬೇಕು. ರಂಧ್ರ ಓರೆಯಾಗಿರುವ ಎಂಜಿನಿನಲ್ಲಿ ಇದನ್ನು ಮಾಡಬಾರದು, ಕಡ್ಡಿ ಸಿಕ್ಕಿಕೊಳ್ಳುತ್ತದೆ. ಅಂಥಲ್ಲಿ ರಂಧ್ರಕ್ಕೆ ಹೆಬ್ಬೆರಳು ಒತ್ತಿದರೆ ಗಾಳಿ ದೂಡುವ ಹೊತ್ತು ಗೊತ್ತಾಗುತ್ತದೆ, ಉಳಿದದ್ದನ್ನು ಪುಲ್ಲಿಯ ಗುರುತು ಹೇಳುತ್ತದೆ.

ಇನ್ನು ಕಿಡಿ ಸರಿಯಾದ ಹೊತ್ತಿಗೆ ಹಾರುತ್ತಿದೆಯೇ ಎಂಬ ಪ್ರಶ್ನೆ. ಇದಕ್ಕೆ ಬೇಕಾದದ್ದು ಹನ್ನೆರಡು ವೋಲ್ಟಿನ ಒಂದು ಸಣ್ಣ ಬಲ್ಬು, ಎರಡು ವೈರು. ಒಂದು ವೈರನ್ನು ಡೆಲ್ಕೋಗೆ ಬರುವ ಸಣ್ಣ ತಂತಿಯ ತುದಿಗೂ ಇನ್ನೊಂದನ್ನು ಬಾಡಿಗೂ ಸೇರಿಸಿ ಕೀ ಆನ್ ಮಾಡಬೇಕು. ಪಾಯಿಂಟು ಮುಚ್ಚಿದ್ದಾಗ ಕರೆಂಟು ಅದರ ಮೂಲಕವೇ ಹೋಗುವುದರಿಂದ ಬಲ್ಬು ಉರಿಯುವುದಿಲ್ಲ. ಪಾಯಿಂಟು ಬಿಟ್ಟ ಕ್ಷಣದಲ್ಲಿ ಉರಿಯುತ್ತದೆ. ಪುಲ್ಲಿಯ ಗುರುತು ಸರಿಹೊಂದಿದಾಗಲೇ ಬಲ್ಬು ಹೊತ್ತುವಂತೆ ಡೆಲ್ಕೋವನ್ನು ತಿರುಗಿಸಿ ಬಿಗಿದರೆ ಟೈಮಿಂಗ್ ಸರಿಯಾಯಿತು. ಸಾವಿರಾರು ರೂಪಾಯಿಯ ಉಪಕರಣ ಮಾಡುವ ಕೆಲಸವನ್ನು ಹಿಂದಿನ ಲೈಟಿನಿಂದ ಬಿಚ್ಚಿದ ಬಲ್ಬು ಮಾಡಿತು.

ಡೀಸೆಲ್ ಮ್ಯಾಟಡಾರಿನಲ್ಲಿ ಕಿಡಿಯೇ ಇಲ್ಲ. ಅಲ್ಲಿ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಬಂದರೆ ಎಂಜಿನು ಓಡುತ್ತಿರುವಾಗಲೇ ಒಂದೊಂದೇ ನಾಝಲಿನ ಪೈಪಿನ ನಟ್ಟನ್ನು ತುಸು ಸಡಿಲಿಸುತ್ತಾ ಹೋಗುತ್ತಾರೆ. ಯಾವುದನ್ನು ಸಡಿಲಿಸಿದಾಗ ಎಂಜಿನಿನ ದನಿ ಬದಲಾಗುವುದಿಲ್ಲವೋ ಅದೇ ಕೆಟ್ಟ ಸಿಲಿಂಡರ್. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು. ಆದ್ದರಿಂದ ಬಲ್ಲವರು ನಟ್ಟಿನ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕೈ ಮುಖ ದೂರ ಇಟ್ಟು ಇದನ್ನು ಮಾಡುತ್ತಾರೆ.

ಹಗ್ಗ, ಡಬ್ಬದ ತಗಡು, ನೀರಿನ ಪೈಪು

ಕೈಗೆ ಬಲ ಕೊಡುವ ಹತಾರಗಳಲ್ಲಿ ನನಗೆ ಬಹಳ ಜಾಣ್ಮೆಯದೆನಿಸುವುದು ಹಗ್ಗ. ವಾಲ್ವಿನ ಸ್ಪ್ರಿಂಗನ್ನೋ ಸೀಲನ್ನೋ ಬದಲಿಸಬೇಕು, ಆದರೆ ಹೆಡ್ ಬಿಚ್ಚಲು ಮನಸ್ಸಿಲ್ಲ. ಸ್ಪ್ರಿಂಗಿನ ಲಾಕು ತೆಗೆದರೆ ವಾಲ್ವು ಸಿಲಿಂಡರಿನೊಳಗೆ ಜಾರುತ್ತದೆ. ಆಗ ಪಿಸ್ಟನ್ ಕೆಳಗಿದ್ದು ವಾಲ್ವುಗಳೆಲ್ಲ ಮುಚ್ಚಿದ ಸ್ಥಿತಿಯಲ್ಲಿ ಪ್ಲಗ್ಗಿನ ರಂಧ್ರದಿಂದ ಶುಭ್ರವಾದ ನೈಲಾನ್ ಹಗ್ಗವನ್ನು ಒಳಗೆ ತುರುಕಿ, ಒಂದು ತುದಿ ಹೊರಗೇ ಬಿಟ್ಟು, ಎಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಪಿಸ್ಟನ್ ಮೇಲೇರಿ ಹಗ್ಗವನ್ನು ವಾಲ್ವಿಗೆ ಒತ್ತಿ ಹಿಡಿಯುತ್ತದೆ. ವಾಲ್ವು ಅಲುಗದು. ಕೆಲಸ ಮುಗಿದ ಮೇಲೆ ಹಗ್ಗವನ್ನು ಎಳೆದುಕೊಂಡರಾಯಿತು. ತೆಂಗಿನ ನಾರಿನ ಹಗ್ಗ ಮಾತ್ರ ಬೇಡ, ನಾರು ಒಳಗೆ ಉದುರುತ್ತದೆ. ಸ್ಪ್ರಿಂಗನ್ನು ಒತ್ತಲು ನೀರಿನ ಪೈಪಿನ ಒಂದು ತುಂಡು ಸಾಕು. ಅದರ ಪಕ್ಕದಲ್ಲಿ ಕಿಟಕಿಯಂತೆ ಕೊಯ್ದಿದ್ದರೆ ಅದರ ಮೂಲಕ ಲಾಕನ್ನು ಅಯಸ್ಕಾಂತದಿಂದ ಎತ್ತಿಕೊಳ್ಳಬಹುದು.

ವಾಲ್ವನ್ನು ಉಜ್ಜಿ ಕೂರಿಸುವ ಕೆಲಸಕ್ಕೆ ತುದಿಯಲ್ಲಿ ರಬ್ಬರಿನ ಬಟ್ಟಲಿರುವ ಒಂದು ಕೋಲು ಬೇಕು. ಅಂಗೈಗಳ ನಡುವೆ ಅದನ್ನು ಅತ್ತಿತ್ತ ಹೊಸೆಯುವುದನ್ನು ನೋಡಿದರೆ ಕಡೆಗೋಲು ಹಿಡಿದು ಮಜ್ಜಿಗೆ ಕಡೆದಂತೆಯೇ ಕಾಣುತ್ತದೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ವಾಲ್ವಿನ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಒಮ್ಮೆ ತಿರುಗಿಸುತ್ತಾರೆ. ಎಲ್ಲ ಗೆರೆಯೂ ಅಳಿಸಿದರೆ ಸರಿ. ಅಥವಾ ಸೀಮೆಎಣ್ಣೆ ಹೊಯ್ದು ಸೋರುತ್ತದೆಯೇ ಎಂದು ನೋಡುತ್ತಾರೆ.

ಪಿಸ್ಟನ್ನಿನ ರಿಂಗುಗಳು ಸ್ಪ್ರಿಂಗಿನಂತೆ ಹೊರಚಾಚಿರುತ್ತವೆ. ಅವನ್ನು ಅಮುಕಿ ಹಿಡಿದರೆ ಮಾತ್ರ ಪಿಸ್ಟನ್ ಬೋರಿನೊಳಗೆ ಹೋಗುತ್ತದೆ. ಎಣ್ಣೆ ಡಬ್ಬದ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಪಿಸ್ಟನ್ನಿಗೆ ಸುತ್ತಿ ಹೋಸ್ ಕ್ಲಿಪ್ಪಿನಿಂದ ಬಿಗಿದರೆ ಬೇಕಾದ ಹತಾರ ಸಿದ್ಧ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪಿಸ್ಟನ್ ಜಾರಿ ಒಳಗೆ ಹೋಗುತ್ತದೆ, ತಗಡು ಮೇಲೆಯೇ ಉಳಿಯುತ್ತದೆ.

ಓಮ್ನಿಯ ಎಂಜಿನು ಸೀಟಿನ ಅಡಿಯ ಇಕ್ಕಟ್ಟಿನಲ್ಲಿರುವುದರಿಂದ ಮಾಮೂಲಿ ಪಾನಾ ತಿರುಗಲು ಕೆಲವೆಡೆ ಜಾಗವಿಲ್ಲ. ಅದಕ್ಕೇ ಪಾನಾವನ್ನು ಗ್ಯಾಸ್ ಬೆಂಕಿಗೆ ಕೊಟ್ಟು ಬಗ್ಗಿಸಿಕೊಳ್ಳುತ್ತಾರೆ, ಅರ್ಧಕ್ಕೆ ಕೊಯ್ದುಕೊಳ್ಳುತ್ತಾರೆ. ಆದರೆ ಬೆಂಕಿಗೆ ಕೊಟ್ಟ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಅದನ್ನು ಬಲ್ಲವರು ಬಾಯಿಯ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ ಹಿಡಿಯ ಭಾಗವನ್ನಷ್ಟೇ ಕಾಯಿಸುತ್ತಾರೆ.

ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದೂ ಅಳತೆಯ ಮಾತೇ. ಟಾರ್ಕ್ ಎಂದರೆ ಬಲ ಮತ್ತು ಉದ್ದದ ಗುಣಲಬ್ಧ. ಗಾಡಿಯ ಪುಸ್ತಕ ಉದಾಹರಣೆಗೆ 6 ಕಿಲೋಗ್ರಾಂ-ಮೀಟರ್ ಎಂದು ಹೇಳಿದರೆ ಪಾನಾಕ್ಕೆ ಪೈಪು ಸೇರಿಸಿ, ಬೋಲ್ಟಿನಿಂದ 60 ಸೆಂಟಿಮೀಟರ್ ದೂರದಲ್ಲಿ ಕಾಫಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನೇರ ಕೋನದಲ್ಲಿ 10 ಕಿಲೋ ತೋರುವವರೆಗೆ ಎಳೆದರೆ ಸಾಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಒಂದು ತುದಿಯಿಂದ ಬಿಗಿಯುತ್ತಾ ಹೋದರೆ ಹೆಡ್ಡು ಸೊಟ್ಟಗಾಗಿ ಪ್ಯಾಕಿಂಗು ಸೋರುತ್ತದೆ. ಚಾಪೆಯನ್ನು ನಡುವಿನಿಂದ ಅಂಚಿಗೆ ಸವರಿ ಹಾಸುವ ಹಾಗೆ.

ಮಳೆ, ಹೊಳೆ ಮತ್ತು ಎಚ್ಚರಿಕೆ

ಕೆಲವು ಉಪಾಯಗಳು ಮನೆ ತಲುಪಿಸಲು ಮಾತ್ರ. ಪೆಟ್ರೋಲ್ ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಒಗೆಯುವ ಸೋಪು ಮೆತ್ತುವುದು ಎಲ್ಲರಿಗೂ ಗೊತ್ತು. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದು ನಿಲ್ಲುತ್ತದೆ. ರೇಡಿಯೇಟರ್ ಸೋರಿದರೆ ಅರಿಸಿನ ಪುಡಿ ಹಾಕುವ ರೂಢಿಯೂ ಇದೆ. ತೂತು ಮುಚ್ಚಬಹುದು, ಆದರೆ ಅದೇ ಪುಡಿ ಆಮೇಲೆ ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡುತ್ತದೆ. ಮಳೆಯಲ್ಲಿ ಡೆಲ್ಕೋ ತಲೆ ತೇವಗೊಂಡರೆ ಒರೆಸಿ ಒಣಗಿಸಿ, ಸೈಕಲ್ ಟ್ಯೂಬಿನ ತುಂಡನ್ನು ಮುಚ್ಚಿಗೆಯಾಗಿ ಹಾಕುತ್ತಿದ್ದರು.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ನೆರೆಯಲ್ಲಿ ಮುಳುಗಿದ ಗಾಡಿಯನ್ನು ನೋಡಿದಾಗ ಮೊದಲು ಬರುವ ಆಸೆ ಕೀ ತಿರುಗಿಸುವುದು. ಅದೇ ಎಲ್ಲಕ್ಕಿಂತ ದೊಡ್ಡ ಹಾನಿ. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮೊದಲು ಬ್ಯಾಟರಿ ತಂತಿ ಬಿಚ್ಚಿ, ಪ್ಲಗ್ಗುಗಳನ್ನು ತೆಗೆದು, ಎಂಜಿನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು.

ಎಲ್ಲಿ ಉಪಾಯ ಮಾಡಬಾರದು ಎಂದು ತಿಳಿಯುವುದು ಈ ವಿದ್ಯೆಯ ಅರ್ಧ ಭಾಗ. ಬ್ರೇಕಿಗೆ ಮತ್ತು ಸ್ಟೀರಿಂಗಿಗೆ ತಂತಿ, ತಗಡು, ಅಂಟು ಯಾವುದೂ ಸಲ್ಲದು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬಾರದು, ಮರದ ದಿಮ್ಮಿ ಕೊಡಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಪೆಟ್ರೋಲ್ ಟ್ಯಾಂಕಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸಬಾರದು, ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ. ಈ ನಾಲ್ಕು ಮಾತು ಮೀರಿದ್ದಕ್ಕೆ ಜೀವ ಕೊಟ್ಟವರಿದ್ದಾರೆ. ಘಾಟಿ ರಸ್ತೆಯಲ್ಲಿ ಬ್ರೇಕಿನ ಬಗ್ಗೆ ಮಾಡುವ ಜಾಣತನ ಜಾಣತನವಲ್ಲ.

ಬರೆದಿಟ್ಟವರು ಮತ್ತು ಬರೆದಿಡದವರು

ಲೋಕದ ಬೇರೆ ಕಡೆಯೂ ಹಳೆಯ ಗಾಡಿಗಳನ್ನು ಕೈಯಾರೆ ಉಳಿಸಿಕೊಂಡವರಿದ್ದಾರೆ. ಅಮೆರಿಕದ ಜಾನ್ ಮ್ಯೂರ್ ಎಂಬ ಎಂಜಿನಿಯರ್ 1969ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಮತ್ತು ವ್ಯಾನುಗಳನ್ನು ಮಾಲೀಕರೇ ದುರಸ್ತಿ ಮಾಡಿಕೊಳ್ಳುವ ಬಗೆಯನ್ನು ಹೇಳುವ ಪುಸ್ತಕ ಬರೆದರು. ಏನೂ ಗೊತ್ತಿಲ್ಲದವನಿಗೂ ತಿಳಿಯುವ ಮಾತು, ಕೈಬರಹದ ಚಿತ್ರಗಳು. ಇಂಗ್ಲೆಂಡಿನ ಜಾನ್ ಹೇನ್ಸ್ 1966ರಿಂದ ಒಂದೊಂದು ಗಾಡಿಗೆ ಒಂದೊಂದು ದುರಸ್ತಿ ಪುಸ್ತಕ ಹೊರತಂದರು. ಅವರ ಪುಸ್ತಕಗಳಲ್ಲಿರುವ ಎಷ್ಟೋ ಉಪಾಯಗಳು ನಮ್ಮ ಮೇಸ್ತ್ರಿಗಳಿಗೂ ಗೊತ್ತಿದ್ದವು. ವ್ಯತ್ಯಾಸ ಒಂದೇ: ಅವರು ಬರೆದಿಟ್ಟರು.

ಇನ್ನೂ ಹಿಂದಕ್ಕೆ ಹೋದರೆ ಅಲ್ ಜಝರಿಯ ಹೆಸರು ಬರುತ್ತದೆ. ಇಂದಿನ ತುರ್ಕಿಯ ದಿಯಾರ್‌ಬಕೀರ್‌ನಲ್ಲಿ ಅರ್ತುಕಿದ್ ಅರಸರ ಆಶ್ರಯದಲ್ಲಿದ್ದ ಅವರು 1206ರಲ್ಲಿ ಯಂತ್ರಗಳ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಮುಗಿಸಿದರು. ಐವತ್ತು ಸಾಧನಗಳ ವಿವರ ಅದರಲ್ಲಿದೆ. ಎರಡು ಸಿಲಿಂಡರಿನ ಒಂದು ನೀರೆತ್ತುವ ಪಂಪೂ ಇದೆ. ಚಕ್ರದ ತಿರುಗುವಿಕೆಯನ್ನು ಪಿಸ್ಟನ್ನಿನ ಹೋಗಿಬರುವಿಕೆಯಾಗಿ ಬದಲಿಸುವ ಯಂತ್ರ ಅದು. ವ್ಯಾನಿನ ಎಂಜಿನು ಇದನ್ನೇ ತಿರುವುಮುರುವಾಗಿ ಮಾಡುತ್ತದೆ. ನಮಗೆ ಮುಖ್ಯವಾದದ್ದು ಅವರು ಬರೆದ ರೀತಿ. ತಾನು ಮಾಡಿ ನೋಡಿದ ಯಂತ್ರವನ್ನು ಇನ್ನೊಬ್ಬ ಕುಶಲಕರ್ಮಿಯೂ ಮಾಡಬಲ್ಲ ಹಾಗೆ, ಅಳತೆ ಸಮೇತ, ಚಿತ್ರ ಸಮೇತ ಬರೆದರು. ಎಂಟು ಶತಮಾನಗಳ ನಂತರವೂ ನಾವು ಅವರನ್ನು ಬಲ್ಲೆವಾದರೆ ಅದಕ್ಕೆ ಅದೇ ಕಾರಣ.

ಉಳಿಸಿಕೊಳ್ಳುವ ಕೆಲಸ

ಕಾಲ ಬದಲಾಗಿದೆ. 2000ದ ನಂತರ ಹೊಗೆಯ ಮಾನದಂಡಗಳು ಬಿಗಿಯಾದಂತೆ ಕಾರ್ಬೊರೇಟರ್ ಹೋಯಿತು, ಡೆಲ್ಕೋ ಹೋಯಿತು, ಸೆನ್ಸರ್ ಮತ್ತು ಕಂಪ್ಯೂಟರ್ ಬಂದವು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಜಾರಿಯಾಯಿತು. ಗಾಳಿ ಶುದ್ಧವಾಗುವುದು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ನಾಲ್ಕು ಬ್ಲೇಡಿನ ಲೆಕ್ಕ ಬಲ್ಲ ಮೇಸ್ತ್ರಿಯ ಬಳಿ ಈಗ ಹೊಸ ಗಾಡಿ ಬರುವುದಿಲ್ಲ. ಅವನ ಬಳಿ ಕಲಿಯಲು ಹುಡುಗನೂ ಬರುವುದಿಲ್ಲ.

ಇದು ನಮ್ಮ ಸಮಾಜಕ್ಕೆ ದೂರದ ವಿಷಯವಲ್ಲ. 2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರು ಹೆಚ್ಚಾಗಿ ತೊಡಗಿರುವ ಉದ್ಯೋಗಗಳಲ್ಲಿ ವಾಹನ ಮಾರಾಟ ಮತ್ತು ದುರಸ್ತಿಯನ್ನೂ ಗುರುತಿಸಿದೆ. ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಶಾಲೆ ಬಿಟ್ಟು ಹೆಲ್ಪರ್ ಆಗಿ ಸೇರಿದ ಹುಡುಗರಿದ್ದರು. ಹತ್ತು ವರ್ಷ ಕೆಲಸ ಮಾಡಿ ಎಂಜಿನು ಪೂರ್ತಿ ಕಟ್ಟಬಲ್ಲವರಾದರು. ಆದರೆ ಕೈಯಲ್ಲಿ ಒಂದು ಕಾಗದವಿಲ್ಲದ್ದರಿಂದ ಊರಲ್ಲೂ ಕೊಲ್ಲಿ ದೇಶಗಳಲ್ಲೂ ಕೂಲಿ ಲೆಕ್ಕದಲ್ಲೇ ಉಳಿದರು. ವಿದ್ಯೆ ಇತ್ತು, ವಿದ್ಯಾವಂತರೆಂಬ ಹೆಸರಿರಲಿಲ್ಲ.

ದಾರಿಗಳು ಇಲ್ಲವೆಂದಲ್ಲ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು ಬಂದವು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಯ ಹೊರಗೆ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆಯನ್ನು ಸೇರಿಸಲಾಯಿತು. ಕೆಲಸ ಬಲ್ಲ, ಕಾಗದವಿಲ್ಲದ ಯುವಕರಿಗೆ ಇಂಥ ವ್ಯವಸ್ಥೆಯ ವಿಷಯ ತಿಳಿಸುವುದು, ಅರ್ಜಿ ತುಂಬಿಸುವುದು ಓದಿದವರು ಮಾಡಬಹುದಾದ ಸಣ್ಣ ಸೇವೆ.

ಇನ್ನೊಂದು ಕೆಲಸವೂ ಇದೆ. ಅದಕ್ಕೆ ಸರ್ಕಾರ ಬೇಡ, ಹಣವೂ ಬೇಡ. ನಿಮ್ಮೂರಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಇದ್ದರೆ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಹೋಗಿ. ಗೋಡೆಗೆ ನೇತುಹಾಕಿದ, ಅವರೇ ಮಾಡಿಕೊಂಡ ಒಂದೊಂದು ಹತಾರವನ್ನೂ ತೋರಿಸಿ, ಇದು ಯಾವ ಗಾಡಿಗೆ, ಯಾವಾಗ, ಯಾಕೆ ಮಾಡಿದ್ದು ಎಂದು ಕೇಳಿ. ಚಿತ್ರ ಬಿಡಿಸಿ, ಉದ್ದ ದಪ್ಪ ಅಳೆದು ಬರೆಯಿರಿ. ಅವರು ಬಳಸುವ ಹೆಸರನ್ನೇ ಬರೆಯಿರಿ, ಅದು ಕನ್ನಡವಿರಲಿ, ಬ್ಯಾರಿ ಇರಲಿ, ಮಲಯಾಳವಿರಲಿ, ಕೊಡವ ಇರಲಿ, ಅರೆಭಾಷೆಯಿರಲಿ. ಹತ್ತು ಮೇಸ್ತ್ರಿಗಳ ಹತ್ತು ನೋಟ್‌ಬುಕ್ ಸೇರಿದರೆ ಕೊಡಗಿನ ರಸ್ತೆಗಳ ಒಂದು ಚರಿತ್ರೆಯಾಗುತ್ತದೆ, ಬೇರೆಲ್ಲೂ ಸಿಗದ ಒಂದು ಪಠ್ಯಪುಸ್ತಕವೂ ಆಗುತ್ತದೆ.

ಹಳೆಯ ವ್ಯಾನುಗಳು ಇಂದಲ್ಲ ನಾಳೆ ಗುಜರಿಗೆ ಹೋಗುತ್ತವೆ, ಹೋಗಲೇಬೇಕು. ಇಲ್ಲದ ಹತಾರವನ್ನು ಇರುವ ವಸ್ತುವಿನಿಂದ, ಅಳತೆ ತಪ್ಪದೆ ಮಾಡಿಕೊಳ್ಳುವ ಬುದ್ಧಿ ಅವುಗಳ ಜೊತೆ ಗುಜರಿಗೆ ಹೋಗಬೇಕಾಗಿಲ್ಲ. ಮುಂದಿನ ಗಾಡಿ ಬ್ಯಾಟರಿಯಿಂದ ಓಡಲಿ, ಬೇರೆ ಯಾವುದರಿಂದಲೇ ಓಡಲಿ, ಘಾಟಿಯ ನಡುವೆ ಅದು ನಿಂತ ದಿನ ಆ ಬುದ್ಧಿ ಬೇಕೇ ಬೇಕು.